ಮಟೀರಿಯೆಲ್: ಸೇನೆಯ ಸರಂಜಾಮಿಗೆ ಇರುವ ಇಂಗ್ಲಿಷ್ ಪದವನ್ನು ಬಳಸುವುದು ಹೇಗೆ?

ಇಂಗ್ಲಿಷಿನ ‘ಮಟೀರಿಯಲ್’ ಎಲ್ಲರಿಗೂ ಗೊತ್ತು. ಬಟ್ಟೆ ಅಂಗಡಿಯಲ್ಲಿ ಮಟೀರಿಯಲ್, ಮನೆ ಕಟ್ಟುವಲ್ಲಿ ಮಟೀರಿಯಲ್, ಪರೀಕ್ಷೆಗೆ ಸ್ಟಡಿ ಮಟೀರಿಯಲ್. ಅದರ ಪಕ್ಕದಲ್ಲೇ ಇನ್ನೊಂದು ಪದ ಇದೆ, ‘ಮಟೀರಿಯೆಲ್’. ಬರೆಯುವಾಗ ಒಂದೇ ಅಕ್ಷರ ಬೇರೆ. ಎಂ, ಎ, ಟಿ, ಇ, ಆರ್, ಐ ತನಕ ಎರಡೂ ಒಂದೇ. ಆಮೇಲೆ ಮೊದಲನೆಯದಕ್ಕೆ ಎ-ಎಲ್, ಎರಡನೆಯದಕ್ಕೆ ಇ-ಎಲ್. ಈ ಎರಡನೆಯದು ಸೇನೆಯ ಪದ. ಸೇನೆಯ ಹತ್ತಿರ ಜನ ಬಿಟ್ಟು ಬೇರೆ ಏನೇನು ಸಾಮಾನು ಇದೆಯೋ ಅದಕ್ಕೆಲ್ಲ ಸೇರಿಸಿ ಹೇಳುವ ಹೆಸರು.

ನಾನು ಸೇನೆಯ ಆರ್ಡ್‌ನೆನ್ಸ್ ಕೋರ್‌ನಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಸೇನೆಗೆ ಆಯುಧ, ಸಾಮಾನು ಒದಗಿಸುವ ವಿಭಾಗ ಅದು. ಈಗ ಊರಲ್ಲಿ, ಬ್ರಹ್ಮಾವರದ ಹತ್ತಿರ ಇದ್ದೇನೆ. ಸಂಜೆ ಹೊತ್ತು ಸಿಡಿಎಸ್, ಎನ್‌ಡಿಎ, ಅಗ್ನಿವೀರ್ ಅಂತ ಸೇನೆ ಸೇರುವ ಪರೀಕ್ಷೆಗಳಿಗೆ ಓದುವ ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ. ಈ ಪದ ಬಂದಾಗಲೆಲ್ಲ ಅವರು ‘ಸರ್, ಇದು ಪ್ರಿಂಟಿಂಗ್ ಮಿಸ್ಟೇಕ್’ ಅನ್ನುತ್ತಾರೆ. ಅಲ್ಲ. ಕಂಪ್ಯೂಟರ್ ಸಹ ಕೆಲವು ಸಲ ಅದರ ಕೆಳಗೆ ಕೆಂಪು ಗೆರೆ ಎಳೆದು ‘ಮಟೀರಿಯಲ್’ ಮಾಡಿ ಅನ್ನುತ್ತದೆ. ಅದರ ಮಾತು ಕೇಳಬೇಡಿ.

ಮೊದಲು ಉಚ್ಚಾರ. ‘ಮಟೀರಿಯಲ್’ ಅನ್ನುವಾಗ ಒತ್ತು ‘ಟೀ’ ಮೇಲೆ ಬೀಳುತ್ತದೆ, ಕೊನೆ ಸುಮ್ನೆ ಕರಗಿ ಹೋಗುತ್ತದೆ. ‘ಮಟೀರಿಯೆಲ್’ ಅನ್ನುವಾಗ ಕೊನೆಯ ‘ಎಲ್’ ಸ್ಪಷ್ಟವಾಗಿ ಕೇಳಬೇಕು, ಒತ್ತು ಅಲ್ಲೇ ಕೊಡಬೇಕು. ಇದು ಫ್ರೆಂಚಿನಿಂದ ಬಂದ ಪದ. 19ನೇ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಬಂತು. ಈಗಲೂ ಕೆಲವರು ಫ್ರೆಂಚರ ಹಾಗೆ ಅದರ ಮೊದಲ ‘ಇ’ ಮೇಲೆ ಸಣ್ಣ ಗೆರೆ ಹಾಕಿ ಬರೆಯುತ್ತಾರೆ. ಹಾಕಿದರೂ ಸರಿ, ಬಿಟ್ಟರೂ ಸರಿ.

ಸ್ಪೆಲ್ಲಿಂಗ್ ನೆನಪಿಡಲು ಬೇರೆ ಉಪಾಯ ಬೇಡ. ಇದರ ಜೋಡಿ ಪದ ನೆನಪಿದ್ದರೆ ಸಾಕು. ಅದು ‘ಪರ್ಸನೆಲ್’, ಅಂದರೆ ಸೇನೆಯ ಜನ. ಅದೂ ಫ್ರೆಂಚಿನಿಂದಲೇ ಬಂದದ್ದು, ಅದರ ಕೊನೆಯೂ ಇ-ಎಲ್. ‘ಪರ್ಸನಲ್’ ಬೇರೆ, ‘ಪರ್ಸನೆಲ್’ ಬೇರೆ ಅಂತ ನಿಮಗೆ ಈಗಾಗಲೇ ಗೊತ್ತಿದೆ ಅಲ್ವಾ? ‘ಮಟೀರಿಯಲ್’ ಮತ್ತು ‘ಮಟೀರಿಯೆಲ್’ ನಡುವೆ ಇರುವುದೂ ಅದೇ ಅಂತರ. ಸೇನೆಯಲ್ಲಿ ಜನ ಪರ್ಸನೆಲ್, ಸಾಮಾನು ಮಟೀರಿಯೆಲ್.

ನಮ್ಮ ಮಕ್ಕಳಿಗೆ ನಾನು ಇದನ್ನು ಯಕ್ಷಗಾನ ಮೇಳದ ಲೆಕ್ಕದಲ್ಲಿ ಹೇಳುತ್ತೇನೆ. ಮೇಳ ಹೊರಟಿತು ಅಂದರೆ ಎರಡು ಹೊರಡುತ್ತದೆ. ಭಾಗವತರು, ಚೆಂಡೆಯವರು, ಮದ್ದಳೆಯವರು, ವೇಷಧಾರಿಗಳು, ಅಡುಗೆಯವರು ಒಂದು ಕಡೆ. ವೇಷದ ಪೆಟ್ಟಿಗೆ, ಕಿರೀಟ, ಬಣ್ಣ, ಚೆಂಡೆ, ರಂಗಸ್ಥಳದ ಕಂಬ, ಪರದೆ, ಲೈಟು, ಜನರೇಟರ್, ಅದರ ಡೀಸೆಲ್, ಅಡುಗೆ ಪಾತ್ರೆ, ಇದನ್ನೆಲ್ಲ ಹೊತ್ತ ಲಾರಿ ಇನ್ನೊಂದು ಕಡೆ. ಮೊದಲನೆಯದು ಪರ್ಸನೆಲ್. ಎರಡನೆಯದು, ಲಾರಿಯೂ ಸೇರಿ, ಮಟೀರಿಯೆಲ್. ಆಟ ಆಡುವ ಗದ್ದೆ ಎರಡಕ್ಕೂ ಸೇರುವುದಿಲ್ಲ. ಈ ಗದ್ದೆಯ ಮಾತು ಮರೆಯಬೇಡಿ. ಅಮೆರಿಕದ ರಕ್ಷಣಾ ಇಲಾಖೆ ಈ ಪದಕ್ಕೆ ಕೊಟ್ಟ ವಿವರಣೆಯಲ್ಲಿ ಹಡಗು, ಟ್ಯಾಂಕು, ವಿಮಾನ, ಅವುಗಳ ಬಿಡಿಭಾಗ, ರಿಪೇರಿ ಸಾಮಾನು ಎಲ್ಲ ಬರುತ್ತದೆ. ಆದರೆ ಜಮೀನು, ಕಟ್ಟಡ, ನೀರು-ಕರೆಂಟಿನ ವ್ಯವಸ್ಥೆ ಬರುವುದಿಲ್ಲ. ಬ್ಯಾರಕ್ ಮಟೀರಿಯೆಲ್ ಅಲ್ಲ. ಬ್ಯಾರಕ್‌ನ ಒಳಗಿರುವ ಮಂಚ, ಕಂಬಳಿ, ರೈಫಲ್ ಮಟೀರಿಯೆಲ್.

ಹಾಗಾದರೆ ಇದರಲ್ಲಿ ಏನೆಲ್ಲ ಬರುತ್ತದೆ? ಇಲ್ಲಿಯೇ ಹೆಚ್ಚಿನವರು ತಪ್ಪುವುದು. ಸೇನೆ ಅಂದ ಕೂಡಲೇ ಬಂದೂಕು, ತೋಪು, ಗುಂಡು ಕಣ್ಣಿಗೆ ಬರುತ್ತದೆ. ಮಟೀರಿಯೆಲ್ ಅಂದರೆ ಮದ್ದುಗುಂಡು ಅಂತ ಬರೆದುಬಿಡುತ್ತಾರೆ. ಮದ್ದುಗುಂಡು ಅದರಲ್ಲಿ ಒಂದು ಪಾಲು ಮಾತ್ರ. ಲಡಾಖಿನಲ್ಲಿ ಚಳಿಗಾಲಕ್ಕೆ ಮೊದಲು ಸೇನೆ ಸಾಮಾನು ಕೂಡಿಡುತ್ತದೆ. ಹಿಮ ಬಿದ್ದು ಜೋಜಿಲಾ ಕಣಿವೆ ದಾರಿ ಮುಚ್ಚಿದರೆ ಆ ರಸ್ತೆಯಲ್ಲಿ ಲಾರಿ ಹೋಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲೇ ಟ್ರಕ್ಕಿನ ಸಾಲು ಹೊರಡುತ್ತದೆ. ಅದರಲ್ಲಿ ಏನಿರುತ್ತದೆ? ಸೀಮೆಎಣ್ಣೆ, ಡೀಸೆಲ್, ಟೆಂಟು, ಹಿಮಕ್ಕೆ ಹಾಕುವ ಬೂಟು, ಜಾಕೆಟ್, ಬ್ಯಾಟರಿ, ಔಷಧಿ, ಟೈರು, ಬಿಡಿಭಾಗ, ಜೊತೆಗೆ ಮದ್ದುಗುಂಡು. ಇಷ್ಟನ್ನೂ ಒಂದೇ ಮಾತಲ್ಲಿ ಹೇಳಬೇಕಾದರೆ ‘ಮಟೀರಿಯೆಲ್’ ಬೇಕು.

ಡಿಪೋದ ಒಳಗೆ ಒಂದು ರ‍್ಯಾಕಿನ ಮುಂದೆ ನಿಂತು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಪ್ರತಿ ಖಾನೆಗೂ ಒಂದು ಬಿನ್ ಕಾರ್ಡ್ ಇರುತ್ತದೆ. ದಪ್ಪ ಕಾಗದದ ಕಾರ್ಡು, ಎಷ್ಟೋ ಕೈಗಳ ಬೆವರಿಗೆ ಅಂಚು ಮೆತ್ತಗಾಗಿರುತ್ತದೆ. ಮೇಲೆ ಸಾಮಾನಿನ ನಂಬರು, ಹೆಸರು, ಅದನ್ನು ಎಣಿಸುವುದು ಹೇಗೆ ಅಂತ: ಬಿಡಿಯಾಗಿಯೋ, ಜೋಡಿಯಾಗಿಯೋ, ಮೀಟರಿನಲ್ಲೋ. ಕೆಳಗೆ ತಾರೀಕು, ಬಂದದ್ದು, ಹೋದದ್ದು, ಉಳಿದದ್ದು. ಎರಡು ಭಾಗಗಳ ನಡುವೆ ಸೋರದಂತೆ ಇಡುವ, ಅಂಗೈಯಷ್ಟು ದೊಡ್ಡ ರಬ್ಬರ್ ಗ್ಯಾಸ್ಕೆಟ್‌ಗೂ ಒಂದು ಕಾರ್ಡು. ಆ ಗ್ಯಾಸ್ಕೆಟ್ ಇಲ್ಲದಿದ್ದರೆ ಟ್ರಕ್ ನಿಲ್ಲುತ್ತದೆ. ಟ್ರಕ್ ನಿಂತರೆ ಮೇಲಿನ ಪೋಸ್ಟಿಗೆ ಸೀಮೆಎಣ್ಣೆ ಹೋಗುವುದಿಲ್ಲ. ಸೀಮೆಎಣ್ಣೆ ಇಲ್ಲದಿದ್ದರೆ ಅಲ್ಲಿ ಬಂದೂಕು ಹಿಡಿದು ನಿಂತವನಿಗೆ ಕುಡಿಯಲು ನೀರೂ ಇಲ್ಲ, ಹಿಮ ಕರಗಿಸಿಯೇ ನೀರು ಆಗಬೇಕು. ಅದಕ್ಕೇ ‘ಮಟೀರಿಯೆಲ್’ ಅನ್ನು ‘ಮದ್ದುಗುಂಡು’ ಅಂತ ಬರೆದರೆ ನನಗೆ ಬೇಸರ ಆಗುತ್ತದೆ. ಆ ಗ್ಯಾಸ್ಕೆಟ್ಟೂ ಅದನ್ನು ಕಾಪಾಡಿ ಇಟ್ಟವನೂ ಆ ಅನುವಾದದಲ್ಲಿ ಬಿಟ್ಟುಹೋಗುತ್ತಾರೆ.

ಊಟದ ಸಾಮಾನು ಸೇರುತ್ತದಾ ಅಂತ ಸಾಲಿಗ್ರಾಮದ ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ವಿಶಾಲ ಅರ್ಥದಲ್ಲಿ ಸೇರುತ್ತದೆ, ಯಾಕೆಂದರೆ ‘ಸಪ್ಲೈಸ್’ ಸಹ ಇದರೊಳಗೆ ಬರುತ್ತದೆ. ಆದರೆ ಊಟದ ವಿಷಯವನ್ನೇ ಹೇಳುವುದಾದರೆ ‘ರೇಷನ್ಸ್’ ಅಥವಾ ‘ಪ್ರಾವಿಷನ್ಸ್’ ಅನ್ನಿ. ನಮ್ಮ ಮಂಗಳೂರಿನ ಚರಿತ್ರೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 1783ರಲ್ಲಿ ಟಿಪ್ಪು ಸುಲ್ತಾನ್ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಕೈಕೆಳಗೆ ಇಂಗ್ಲಿಷ್ ಪಡೆ. ತಿಂಗಳುಗಟ್ಟಲೆ ಹಿಡಿದುಕೊಂಡರು. ಕೊನೆಗೆ ತಿನ್ನಲು ಇಲ್ಲದೆ, ಕಾಯಿಲೆ ಹಬ್ಬಿ, 1784ರ ಜನವರಿ ಕೊನೆಗೆ ಕೋಟೆ ಬಿಟ್ಟುಕೊಟ್ಟರು. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಯಿತು. ಇದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೋಟೆಯವರಿಗೆ ‘ಮಟೀರಿಯೆಲ್’ ಮುಗಿಯಿತು ಅಂತ ಬರೆದರೆ ಓದುವವನಿಗೆ ಏನು ಮುಗಿಯಿತು ಅಂತ ಗೊತ್ತಾಗುವುದಿಲ್ಲ. ‘ಪ್ರಾವಿಷನ್ಸ್’ ಮುಗಿಯಿತು ಅನ್ನಬೇಕು. ಒಂದೇ ಸಾಮಾನಿನ ಮಾತಾದರೆ ಅದರ ಹೆಸರು ಹೇಳಿ. ಎಲ್ಲ ಒಟ್ಟಿಗೆ ಹೇಳಬೇಕಾದಾಗ ಮಾತ್ರ ಮಟೀರಿಯೆಲ್ ತನ್ನಿ. ಈ ಪದದ ಬಳಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಈಗ ವ್ಯಾಕರಣ. ಇದು ಬೇಗ ಮುಗಿಯುತ್ತದೆ. ಮಟೀರಿಯೆಲ್ ಎಣಿಸುವ ಪದ ಅಲ್ಲ. ಅದಕ್ಕೆ ಮುಂದೆ ‘ಎ’ ಹಾಕುವಂತಿಲ್ಲ, ಹಿಂದೆ ‘ಎಸ್’ ಸೇರಿಸುವಂತಿಲ್ಲ. ‘ಮೆನಿ’ ಅಲ್ಲ, ‘ಮಚ್’. ಕ್ರಿಯಾಪದ ಏಕವಚನ: ‘ದ ಮಟೀರಿಯೆಲ್ ವಾಸ್ ಮೂವ್ಡ್’. ಜೋಡಿ ಪದ ಪರ್ಸನೆಲ್ ಮಾತ್ರ ಬಹುವಚನ: ‘ದ ಪರ್ಸನೆಲ್ ವರ್ ಮೂವ್ಡ್’. ಒಂದೊಂದಾಗಿ ಹೇಳಬೇಕಾದರೆ ‘ಐಟಮ್ಸ್ ಆಫ್ ಮಟೀರಿಯೆಲ್’ ಅನ್ನಿ. ‘ಇಕ್ವಿಪ್‌ಮೆಂಟ್’, ‘ಅಮ್ಯುನಿಷನ್’ ಇವೂ ಇದೇ ಜಾತಿ. ಸೇನೆಯ ಆಫೀಸುಗಳ ಕಾಗದದಲ್ಲಿ ‘ಇಕ್ವಿಪ್‌ಮೆಂಟ್ಸ್’ ಅಂತ ‘ಎಸ್’ ಸೇರಿಸಿ ಬರೆಯುವುದು ರೂಢಿಯಲ್ಲಿದೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ತಪ್ಪು. ಸಿಡಿಎಸ್ ಇಂಗ್ಲಿಷ್ ಪೇಪರಿನಲ್ಲಿ 100 ಮಾರ್ಕಿಗೆ 120 ಪ್ರಶ್ನೆ, ತಪ್ಪಿಗೆ ಮೂರನೇ ಒಂದು ಪಾಲು ಕಡಿತ. ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಇಂಥ ಎಣಿಸಲಾಗದ ಪದಗಳ ಮೇಲೆ ಕಣ್ಣಿಡಿ.

ಇನ್ನು ನೆಂಟರ ವಿಷಯ. ಸೇನಾ ಸಾಮಾನಿಗೆ ಇಂಗ್ಲಿಷಿನಲ್ಲಿ ಇರುವ ಬೇರೆ ಪದಗಳನ್ನು ಇದರ ಜೊತೆ ಇಟ್ಟು ನೋಡದೆ ಇದು ಪಕ್ಕಾ ಆಗುವುದಿಲ್ಲ.

‘ಅಮ್ಯುನಿಷನ್’ ಅಂದರೆ ಹಾರಿಸುವ ಗುಂಡು, ಶೆಲ್, ಅದರ ಮದ್ದು. ಕನ್ನಡದ ‘ಮದ್ದುಗುಂಡು’ ಸರಿಯಾಗಿ ಹೊಂದುವುದು ಇದಕ್ಕೆ. ಎಣಿಸಬೇಕಾದರೆ ‘ರೌಂಡ್ಸ್ ಆಫ್ ಅಮ್ಯುನಿಷನ್’. ‘ಮ್ಯುನಿಷನ್ಸ್’ ಸ್ವಲ್ಪ ಅಗಲ: ಮದ್ದುಗುಂಡು, ಬಾಂಬು, ಕ್ಷಿಪಣಿ, ಆಯುಧ. ಸಾಮಾನ್ಯವಾಗಿ ಬಹುವಚನ. ಈಚೆಗೆ ಡ್ರೋನ್ ಸುದ್ದಿಯಲ್ಲಿ ‘ಲಾಯ್ಟರಿಂಗ್ ಮ್ಯುನಿಷನ್’ ಅಂತ ಏಕವಚನವೂ ಬರುತ್ತಿದೆ, ಅಂದರೆ ಆಕಾಶದಲ್ಲಿ ಸುತ್ತಾಡಿ ಗುರಿ ಕಂಡಾಗ ಎರಗುವ ಬಾಂಬು. ಎರಡು ಪದವೂ ಒಂದೇ ಬೇರಿನದ್ದು. ಫ್ರೆಂಚರ ‘ಲಾ ಮ್ಯುನಿಷನ್’ ಅನ್ನು ತಪ್ಪಾಗಿ ಒಡೆದು ‘ಅಮ್ಯುನಿಷನ್’ ಆಯಿತು.

‘ಆರ್ಡ್‌ನೆನ್ಸ್’ ನನ್ನ ಸ್ವಂತ ಇಲಾಖೆಯ ಪದ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮೂಲದಲ್ಲಿ ಇದು ತೋಪುಗಳಿಗೆ ಇದ್ದ ಹೆಸರು, ಆಮೇಲೆ ಆಯುಧ-ಮದ್ದುಗುಂಡಿಗೆಲ್ಲ ಹಬ್ಬಿತು. ‘ಆರ್ಡಿನೆನ್ಸ್’ ಬೇರೆ. ಅದಕ್ಕೆ ನಡುವೆ ‘ಐ’ ಇದೆ. ಅದು ಸುಗ್ರೀವಾಜ್ಞೆ. ಸಂಸತ್ತು ಸೇರದ ಸಮಯದಲ್ಲಿ ಸಂವಿಧಾನದ 123ನೇ ವಿಧಿ ಪ್ರಕಾರ ರಾಷ್ಟ್ರಪತಿ ಹೊರಡಿಸುವುದು. ಎರಡೂ ಮೊದಲು ಒಂದೇ ಪದ ಆಗಿದ್ದವು, ಬಳಸಿ ಬಳಸಿ ‘ಐ’ ಉದುರಿಹೋದದ್ದು ಸೇನೆಗೆ ಬಂತು. ಕನ್ನಡದಲ್ಲಿ ‘ಆರ್ಡಿನೆನ್ಸ್ ಫ್ಯಾಕ್ಟರಿ’ ಅಂತ ಬರೆಯುವುದನ್ನು ನಿಲ್ಲಿಸಬೇಕು. ‘ಆರ್ಡ್‌ನೆನ್ಸ್ ಫ್ಯಾಕ್ಟರಿ’ ಸರಿ. ಹಳೆಯ ಯುದ್ಧಭೂಮಿಯಲ್ಲಿ ಸಿಡಿಯದೆ ಉಳಿದ ಬಾಂಬು, ಶೆಲ್‌ಗಳಿಗೆ ‘ಅನ್‌ಎಕ್ಸ್‌ಪ್ಲೋಡೆಡ್ ಆರ್ಡ್‌ನೆನ್ಸ್’ ಅನ್ನುತ್ತಾರೆ. ಅಲ್ಲಿ ‘ಮಟೀರಿಯೆಲ್’ ಹಾಕಬಾರದು. ಕಂಬಳಿ ಸಿಡಿಯುವುದಿಲ್ಲ.

ಒಂದು ಎಚ್ಚರಿಕೆ. ಭಾರತದ ಸೇನೆಯಲ್ಲಿ ‘ಮಟೀರಿಯೆಲ್’ ಪದ ಮಾತಿನಲ್ಲಿ ಅಷ್ಟಾಗಿ ಬರುವುದಿಲ್ಲ. ನಾವು ಹೇಳುವುದು ‘ಸ್ಟೋರ್ಸ್’. ‘ಸ್ಟೋರ್ಸ್ ಇಶ್ಯೂ ಮಾಡು’, ‘ಸ್ಟೋರ್ಸ್ ಬಂತಾ?’ ಹೀಗೆ. ಜಬಲ್ಪುರದಲ್ಲಿರುವ ಆರ್ಡ್‌ನೆನ್ಸ್ ಕೋರ್‌ನ ತರಬೇತಿ ಸಂಸ್ಥೆಯ ಹೆಸರೇ ‘ಕಾಲೇಜ್ ಆಫ್ ಮಟೀರಿಯಲ್ಸ್ ಮ್ಯಾನೇಜ್‌ಮೆಂಟ್’, ಎ-ಎಲ್ ಬರೆದು ‘ಎಸ್’ ಸೇರಿಸಿದ್ದು. ಅಮೆರಿಕದವರದ್ದು ‘ಆರ್ಮಿ ಮಟೀರಿಯೆಲ್ ಕಮಾಂಡ್’, ಇ-ಎಲ್. 1962ರಲ್ಲಿ ಶುರುವಾದದ್ದು. ಇಂಥ ಅಧಿಕೃತ ಹೆಸರನ್ನು ಇದ್ದ ಹಾಗೇ ಬರೆಯಬೇಕು. ನಿಮ್ಮ ನಿಯಮ ಅದಕ್ಕೆ ಹಚ್ಚಬೇಡಿ.

ಈ ಪದಗಳ ಅಳತೆ ಒಂದೇ ಕಡೆ ಕಾಣಬೇಕಾದರೆ ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಗಳನ್ನು ನೋಡಿ. 2021ರ ಅಕ್ಟೋಬರ್ 1ಕ್ಕೆ ಅವನ್ನು ನಡೆಸುತ್ತಿದ್ದ ಹಳೆಯ ಮಂಡಳಿ ಹೋಗಿ, ಅದರ 41 ಕಾರ್ಖಾನೆಗಳು 7 ಸರ್ಕಾರಿ ಕಂಪನಿಗಳಾದವು. ‘ಮ್ಯುನಿಷನ್ಸ್ ಇಂಡಿಯಾ’ ಪುಣೆಯಲ್ಲಿ, ಮದ್ದುಗುಂಡು ಮತ್ತು ಸ್ಫೋಟಕಕ್ಕೆ. ಚೆನ್ನೈ ಹತ್ತಿರದ ಆವಡಿಯಲ್ಲಿ ‘ಆರ್ಮರ್ಡ್ ವೆಹಿಕಲ್ಸ್ ನಿಗಮ್’, ಟ್ಯಾಂಕಿಗೆ. ಬಂದೂಕು, ತೋಪಿಗೆ ಕಾನ್ಪುರದ ‘ಅಡ್ವಾನ್ಸ್ಡ್ ವೆಪನ್ಸ್ ಆ್ಯಂಡ್ ಇಕ್ವಿಪ್‌ಮೆಂಟ್’. ಅದೇ ಕಾನ್ಪುರದಲ್ಲಿ ‘ಟ್ರೂಪ್ ಕಂಫರ್ಟ್ಸ್’ ಅಂತ ಇನ್ನೊಂದು: ಸಮವಸ್ತ್ರ, ಬೂಟು, ಟೆಂಟು. ‘ಗ್ಲೈಡರ್ಸ್ ಇಂಡಿಯಾ’ ಪ್ಯಾರಾಚೂಟಿಗೆ. ಡೆಹ್ರಾಡೂನಿನ ‘ಇಂಡಿಯಾ ಆಪ್ಟೆಲ್’ ದುರ್ಬೀನು, ಗುರಿ ಹಿಡಿಯುವ ಉಪಕರಣಕ್ಕೆ. ನಾಗ್ಪುರದ್ದು ‘ಯಂತ್ರ ಇಂಡಿಯಾ’. ಇದರಲ್ಲಿ ಪುಣೆಯದ್ದನ್ನು ಮಾತ್ರ ಮ್ಯುನಿಷನ್ಸ್ ಅಂತ ಕರೆದರು. ಏಳರಿಂದಲೂ ಹೊರಬರುವುದನ್ನು ಒಟ್ಟಿಗೆ ಸೇರಿಸಿದರೆ ಮಟೀರಿಯೆಲ್.

ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಗೆ ಹೋದವರು ಅಲ್ಲಿಂದಲೂ ಎರಡು ಪದ ತರಬಹುದು. ಗುರುಪುರ ನದಿಯಲ್ಲಿ ಶತ್ರು ಹಡಗು ಒಳಗೆ ಬರಬಾರದು ಅಂತ ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು. ‘ಬತ್ತೇರಿ’ ಅಂದರೆ ಇಂಗ್ಲಿಷಿನ ‘ಬ್ಯಾಟರಿ’, ತೋಪುಗಳನ್ನು ಸಾಲಾಗಿ ಇಡುವ ಜಾಗ. ಅದರ ಅಡಿಯಲ್ಲಿ ಮದ್ದು ಇಡುತ್ತಿದ್ದ ನೆಲಮಾಳಿಗೆ ಇದೆ. ಅಂಥ ಮದ್ದಿನ ಮನೆಗೆ ಇಂಗ್ಲಿಷಿನಲ್ಲಿ ‘ಮ್ಯಾಗಜಿನ್’ ಅನ್ನುತ್ತಾರೆ. ಅರಬ್ಬಿಯ ಉಗ್ರಾಣ ಅನ್ನುವ ಪದದಿಂದ ಬಂದದ್ದು. ರೈಫಲ್ಲಿಗೆ ಸಿಕ್ಕಿಸುವ ಗುಂಡಿನ ಪೆಟ್ಟಿಗೆಗೂ ಅದೇ ಹೆಸರು. ಸುದ್ದಿಯಲ್ಲಿ ‘ಮ್ಯಾಗಜಿನ್ ಸ್ಫೋಟ’ ಅಂತ ಬಂದರೆ ಈ ಎರಡರಲ್ಲಿ ಯಾವುದು ಅಂತ ನೋಡಿ ಅನುವಾದ ಮಾಡಿ.

ಈಗ ಕನ್ನಡಕ್ಕೆ ತರುವ ಕೆಲಸ. ಮಟೀರಿಯೆಲ್‌ಗೆ ನಾನು ಮೊದಲು ಎತ್ತಿಕೊಳ್ಳುವ ಪದ ‘ಸರಂಜಾಮು’. ನಮ್ಮ ಹಿರಿಯರು ಮದುವೆ ಸರಂಜಾಮು, ಪೂಜೆ ಸರಂಜಾಮು ಅಂದವರೇ. ಬೇಕಾದ ಎಲ್ಲವೂ ಸೇರಿದ್ದು ಅನ್ನುವ ಭಾವ ಅದರಲ್ಲಿದೆ. ಬರವಣಿಗೆ ಸ್ವಲ್ಪ ಗಂಭೀರ ಇರಬೇಕಾದರೆ ‘ಸೇನಾ ಸಾಮಗ್ರಿ’. ‘ಯುದ್ಧ ಸಾಮಗ್ರಿ’ ಸಹ ನಡೆಯುತ್ತದೆ, ಆದರೆ ಯುದ್ಧ ಇಲ್ಲದಾಗಲೂ ಸೇನೆಗೆ ಸಾಮಾನು ಬೇಕಲ್ಲ, ಹಾಗಾಗಿ ನನಗೆ ‘ಸೇನಾ ಸಾಮಗ್ರಿ’ ಹೆಚ್ಚು ಸರಿ ಅನಿಸುತ್ತದೆ. ‘ವಸ್ತು’, ‘ಕಚ್ಚಾವಸ್ತು’ ಖಂಡಿತ ಬೇಡ. ಒಮ್ಮೆ ಒಂದು ಕನ್ನಡ ಪತ್ರಿಕೆಯಲ್ಲಿ ‘ಸೇನೆ ಗಡಿಗೆ ಜನರನ್ನೂ ಕಚ್ಚಾವಸ್ತುಗಳನ್ನೂ ಸಾಗಿಸಿದೆ’ ಅಂತ ಓದಿದೆ. ಮೂಲದಲ್ಲಿ ‘ಮೆನ್ ಆ್ಯಂಡ್ ಮಟೀರಿಯೆಲ್’ ಅಂತ ಇದ್ದಿರಬೇಕು. ಅದು ಇಂಗ್ಲಿಷಿನ ಹಳೆಯ ಜೋಡಿ ಮಾತು. ಕನ್ನಡದಲ್ಲಿ ‘ಸೇನೆ ಯೋಧರನ್ನೂ ಸರಂಜಾಮನ್ನೂ ಗಡಿಗೆ ಸಾಗಿಸಿದೆ’ ಅಂದರೆ ಮುಗಿಯಿತು.

‘ಆ್ಯಂಟಿ-ಮಟೀರಿಯೆಲ್ ರೈಫಲ್’ ಇನ್ನೂ ಕಷ್ಟದ್ದು. ಇದು ದೊಡ್ಡ ಗುಂಡಿನ ಬಂದೂಕು. ಗುರಿ ಮನುಷ್ಯ ಅಲ್ಲ. ನಿಂತ ವಾಹನ, ರಾಡಾರ್, ಇಂಧನದ ಟ್ಯಾಂಕು, ಬಂಕರ್ ಇಂಥವು. ನಮ್ಮಲ್ಲಿ ತಿರುಚಿರಾಪಳ್ಳಿಯ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಾಡುವ ‘ವಿಧ್ವಂಸಕ್’ ಈ ಜಾತಿಯದ್ದು. ಅದಕ್ಕೆ 12.7, 14.5, 20 ಮಿ.ಮೀ. ಹೀಗೆ ಮೂರು ಅಳತೆಯ ನಳಿಗೆ ಹಾಕಬಹುದು. ಗಡಿ ಭದ್ರತಾ ಪಡೆ ಇದನ್ನು ಬಳಸುತ್ತದೆ. ಇದಕ್ಕೆ ಎದುರು ‘ಆ್ಯಂಟಿ-ಪರ್ಸನೆಲ್ ಮೈನ್’, ಅಂದರೆ ಮನುಷ್ಯರನ್ನೇ ಗುರಿ ಮಾಡಿದ ನೆಲಬಾಂಬು. ನೋಡಿ, ಅದೇ ಜೋಡಿ ಇಲ್ಲೂ ಬಂತು. ಇಲ್ಲಿ ‘ಸರಂಜಾಮು’ ಹೊಂದುವುದಿಲ್ಲ. ‘ಸಾಮಗ್ರಿ ವಿರೋಧಿ ಬಂದೂಕು’ ಅಂದರೆ ಯಾರಿಗೂ ಅರ್ಥ ಆಗುವುದಿಲ್ಲ. ನಾನಾದರೆ ‘ವಾಹನ, ಉಪಕರಣಗಳನ್ನು ಹೊಡೆಯುವ ಭಾರಿ ರೈಫಲ್’ ಅಂತ ಬರೆಯುತ್ತೇನೆ. ಉದ್ದ ಆಯಿತು, ಆದರೆ ಓದುವವನಿಗೆ ಕಣ್ಣಿಗೆ ಕಾಣುತ್ತದೆ.

ಕಾಪು ಕಡೆಯ ಹುಡುಗನೊಬ್ಬನ ಅಪ್ಪ ಮಲ್ಪೆಯಿಂದ ಬೋಟಿಗೆ ಹೋಗುವವರು. ‘ಸರ್, ಬಲೆ, ಐಸು, ಡೀಸೆಲ್ಲಿಗೆ ಮಟೀರಿಯೆಲ್ ಅನ್ನಬಹುದಾ?’ ಅಂತ ಕೇಳಿದ. ಯಾವುದೇ ಸಂಸ್ಥೆಯ ಉಪಕರಣ, ಸಾಮಾನಿಗೆ ಈ ಪದ ಬಳಸಬಹುದು ಅಂತ ಡಿಕ್ಷನರಿಗಳು ಹೇಳುತ್ತವೆ. ಆದರೆ ಇಂಗ್ಲಿಷ್ ಓದುವವರ ಕಿವಿಗೆ ಅದು ಸೇನೆಯ ಪದವೇ. ಬೋಟಿಗೆ ‘ಗೇರ್’, ‘ಸಪ್ಲೈಸ್’ ಅನ್ನುವುದು ಸಹಜ.

ಕೊನೆಗೆ ನೀವೇ ಮಾಡಿ ನೋಡಲು ಮೂರು ವಾಕ್ಯ. ಕನ್ನಡದಲ್ಲಿ ಕೊಡುತ್ತೇನೆ, ಇಂಗ್ಲಿಷಿನಲ್ಲಿ ಯಾವ ಪದ ಬರಬೇಕು ಹೇಳಿ. ‘ಪ್ರವಾಹದಲ್ಲಿ ಡಿಪೋದ ವಾಹನ, ಟೆಂಟು, ಬಿಡಿಭಾಗ, ಗುಂಡು ಎಲ್ಲ ಹಾಳಾಯಿತು.’ ಇಲ್ಲಿ ಮಟೀರಿಯೆಲ್, ಕ್ರಿಯಾಪದ ‘ವಾಸ್’. ‘ಪುಲ್ಗಾಂವ್ ಡಿಪೋದಲ್ಲಿ 2016ರ ಮೇ 31ಕ್ಕೆ ಬೆಂಕಿ ಬಿತ್ತು.’ ಅದು ಸೆಂಟ್ರಲ್ ಅಮ್ಯುನಿಷನ್ ಡಿಪೋ, ಹೆಸರಲ್ಲೇ ಉತ್ತರ ಇದೆ. ಮಟೀರಿಯೆಲ್ ಅಲ್ಲ, ಅಮ್ಯುನಿಷನ್. ‘ಹೊಸ ಹುಡುಗರಿಗೆ ಬೂಟು, ಸಮವಸ್ತ್ರ, ತಟ್ಟೆ-ಲೋಟ ಕೊಟ್ಟರು.’ ಇದಕ್ಕೆ ಇವತ್ತು ಹೇಳಿದ ಯಾವ ಪದವೂ ಬೇಡ. ಒಬ್ಬೊಬ್ಬ ಸೈನಿಕನ ಕೈಗೆ ಕೊಡುವುದಕ್ಕೆ ಸೇನೆಯಲ್ಲಿ ಬೇರೆಯೇ ಪದ ಇದೆ: ‘ಕಿಟ್’.